ಹುಣಸೆಹಣ್ಣಿನ ಜಾಡಿಯಲ್ಲಿ ಆಸ್ಪತ್ರೆ

ನಮ್ಮ ಸೋದರತ್ತೆಯ ಬಾಯಿಂದ ಒಂದು ಸುದ್ದಿ ಹೊರಡಿಸುವುದಕ್ಕಿಂತ ನಂದಿಬೆಟ್ಟವನ್ನು ಎತ್ತಿ ಪಕ್ಕಕ್ಕಿಡುವುದು ಸುಲಭ. ಉತ್ಪ್ರೇಕ್ಷೆ ಎನ್ನುತ್ತೀರಾ? ಹಾಗಾದರೆ ನೀವು ಅವಳ ಜೊತೆ ಬಸ್ಸಿನಲ್ಲಿ ಹೋದವರಲ್ಲ. ಚಿಕ್ಕಬಳ್ಳಾಪುರದಲ್ಲಿ ಹತ್ತಿ ಶಿಡ್ಲಘಟ್ಟದಲ್ಲಿ ಇಳಿಯುವುದಿದ್ದರೂ ಅವಳು ಚಿಂತಾಮಣಿಗೇ ಟಿಕೆಟ್ಟು ತೆಗೆದುಕೊಳ್ಳುತ್ತಿದ್ದಳು.

"ಶಿಡ್ಲಘಟ್ಟದಲ್ಲಿ ಇಳಿಯೋಕೆ ಚಿಂತಾಮಣಿ ಟಿಕೆಟ್ ಯಾಕಮ್ಮಾ?" ಎಂದು ಕಂಡಕ್ಟರ್ ಒಮ್ಮೆ ಕೇಳಿಯೇಬಿಟ್ಟ.

"ನಾನೆಲ್ಲಿ ಇಳೀತೀನಿ ಅಂತ ಬಸ್ಸಿನೋರ್ಗೆಲ್ಲಾ ಯಾಕಪ್ಪಾ ಗೊತ್ತಾಗ್ಬೇಕು?"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಅವತ್ತು ಅವಳು ಶಿಡ್ಲಘಟ್ಟದಲ್ಲಿ ಇಳಿದದ್ದನ್ನು ಹಿಂದಿನ ಸೀಟಿನವರು ಎದ್ದು ನಿಂತು ನೋಡಿದರು!

ಅತ್ತೆಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ, ಕೇಳಿದ್ದರೂ ಉತ್ತರ ಬರುತ್ತಿರಲಿಲ್ಲ ಬಿಡಿ. ಚಿಕ್ಕಬಳ್ಳಾಪುರದ ಆಚೆ, ಪೆರೇಸಂದ್ರದ ದಾರಿಯಲ್ಲಿದ್ದ ಒಂದು ಟ್ರಸ್ಟಿನ ಎದೆರೋಗದ ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುವುದು ಅವಳ ಕೆಲಸ. ಎದೆರೋಗ ಎಂದರೆ ಕ್ಷಯ. ಆಗ ನಮ್ಮ ಕಡೆ ಆ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, 'ಆ ಕಾಯಿಲೆ' ಎನ್ನುತ್ತಿದ್ದರು. ಆ ಕಾಯಿಲೆ ಬಂದ ಹುಡುಗಿಗೆ ಗಂಡು ಸಿಗುತ್ತಿರಲಿಲ್ಲ, ಹುಡುಗನಿಗೆ ಬಾಡಿಗೆ ಮನೆ ಸಿಗುತ್ತಿರಲಿಲ್ಲ. ಮಾತ್ರೆ ತಿಂದರೆ ವಾಸಿಯಾಗುತ್ತದೆ ಎಂದು ಆಸ್ಪತ್ರೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಊರು ಗೋಡೆ ಓದುತ್ತದೆಯೇ? ಹೀಗಾಗಿ ಸಂಬಂಧ ನೋಡುವ ಕಾಲ ಬಂದರೆ ಸಾಕು, ಕಂಡವರೆಲ್ಲ ಹಣ್ಣು ಹೂವು ಹಿಡಿದು ಅತ್ತೆಯ ಬಳಿ ಬರುತ್ತಿದ್ದರು. ಇಂಥವರ ಮಗ ನಿಮ್ಮಲ್ಲಿಗೆ ಬಂದಿದ್ದನೇ? ಇಂಥವರ ಸೊಸೆ? ಎಲ್ಲರಿಗೂ ಒಂದೇ ಉತ್ತರ.

"ನಂಗೇನ್ ಗೊತ್ತಪ್ಪಾ? ನಾನು ಬಾಗ್ಲು ಕಾಯೋಳು."

ಹಣ್ಣು ಮಾತ್ರ ವಾಪಸು ಕೊಡುತ್ತಿರಲಿಲ್ಲ, ವಾರ್ಡಿನವರಿಗೆ ಹಂಚಿಬಿಡುತ್ತಿದ್ದಳು.

ತೊಂಬತ್ತರ ದಶಕ ಶುರುವಾದ ಹೊಸತರಲ್ಲಿ ಯಾರೋ ಪುಣ್ಯಾತ್ಮರು ಆ ಆಸ್ಪತ್ರೆಗೆ ಒಂದು ಕಂಪ್ಯೂಟರ್ ದಾನ ಮಾಡಿದರು. ಅತ್ತೆಯನ್ನು ಬೆಂಗಳೂರಿಗೆ ಕಳಿಸಿ ತರಬೇತಿ ಕೊಡಿಸಿದರು. ಹೋಗುವಾಗ ಬರೀ ಬಾಯಿ ಬಿಗಿದ ಹೆಂಗಸಾಗಿದ್ದವಳು ಬರುವಾಗ ಕೋಟೆಯಾಗಿ ಬಂದಳು. ಕಂಪ್ಯೂಟರಿಗೆ ಪ್ರತ್ಯೇಕ ಕೋಣೆ, ರೋಗಿಗಳಿಗೇ ಇಲ್ಲದ ಏಸಿ, ಹೊರಗೆ ಚಪ್ಪಲಿ ಬಿಡಬೇಕು, ಕಾಲು ತೊಳೆಯಬೇಕು, ಇಷ್ಟೆಲ್ಲ ಆದಮೇಲೂ ಹೊಸ್ತಿಲು ದಾಟುವಂತಿಲ್ಲ! ನಮ್ಮಜ್ಜಿಯ ಮಡಿ ಅವಳ ಕಾಲಕ್ಕೇ ಮುಗಿಯಿತೆಂದು ನಾವು ನೆಮ್ಮದಿಯಾಗಿದ್ದೆವು. ಅದು ಅಡುಗೆಮನೆ ಬಿಟ್ಟು ಆಸ್ಪತ್ರೆ ಸೇರಿತ್ತು, ಅಷ್ಟೇ. ಯಾರಾದರೂ ಬಾಗಿಲಿಗೆ ಬಂದರೆ, ನೈವೇದ್ಯದ ಹೊತ್ತಿಗೆ ಪೂಜಾರಿ ತೆರೆ ಎಳೆಯುವ ಹಾಗೆ, ಹಳೇ ಧರ್ಮಾವರದ ಸೀರೆಯ ತುಂಡೊಂದನ್ನು ಕಂಪ್ಯೂಟರಿನ ಪರದೆಯ ಮೇಲೆ ಇಳಿಬಿಡುತ್ತಿದ್ದಳು.

ಟ್ರಸ್ಟಿನ ಅಧ್ಯಕ್ಷರೇ ಒಮ್ಮೆ ಬಂದರು. ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಗುಣವಾದವರ ಹೆಸರನ್ನೆಲ್ಲ ಅಚ್ಚು ಹಾಕಿಸಬೇಕೆಂಬುದು ಅವರ ಆಸೆ.

"ಎಷ್ಟು ಜನ ಅಂತ ಹಾಕ್ಸಿ ಸಾರ್, ಯಾರ್ಯಾರು ಅಂತ ಬೇಡ."

"ಆಸ್ಪತ್ರೆ ನಮ್ದಮ್ಮಾ!"

"ಆಸ್ಪತ್ರೆ ನಿಮ್ದು. ಕೆಮ್ಮು ಅವರ್ದು."

ಅಧ್ಯಕ್ಷರು ಕೆಂಪಗಾಗಿ ಹೋದರು. ಸಂಚಿಕೆಯಲ್ಲಿ ಆ ಪುಟದ ತುಂಬ ಅಧ್ಯಕ್ಷರ ಫೋಟೋ ಬಂತು.

ಇಷ್ಟಾಗಿದ್ದರೆ ನಮಗೇನು, ಆಸ್ಪತ್ರೆಯವರ ಹಣೆಬರಹ ಎಂದು ಸುಮ್ಮನಿರುತ್ತಿದ್ದೆವು. ಆದರೆ ಬೆಂಗಳೂರಿನ ಮೇಷ್ಟರು ಅವಳ ಕಿವಿಯಲ್ಲಿ ಇನ್ನೊಂದು ಮಾತು ಊದಿ ಕಳಿಸಿದ್ದರು. ಕಂಪ್ಯೂಟರಿನಲ್ಲಿರುವುದರ ಪ್ರತಿ ಯಾವಾಗಲೂ ಬೇರೆ ಕಡೆ ಇರಬೇಕು, ಅದೇ ಕಟ್ಟಡದಲ್ಲಿ ಇಟ್ಟರೆ ಬೆಂಕಿ ಬಿದ್ದಾಗ ಎರಡೂ ಹೋಗುತ್ತವೆ! ಅತ್ತೆಗೆ ಇದು ತಕ್ಷಣ ಅರ್ಥವಾಯಿತು. ನಮ್ಮ ಮನೆಗಳಲ್ಲಿ ಮೊಸರು ಕೆಟ್ಟರೆ ಏನು ಮಾಡುತ್ತೇವೆ? ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗಿ ಒಂದು ಚಮಚ ಹೆಪ್ಪು ತರುತ್ತೇವೆ. ಆ ಹೆಪ್ಪು ಹಿಂದೊಮ್ಮೆ ನಮ್ಮ ಮನೆಯಿಂದಲೇ ಅಲ್ಲಿಗೆ ಹೋದದ್ದು. ನಮ್ಮ ಮೊಸರು ನಮಗೇ ವಾಪಸು. ಹಾಗೆ ಆಸ್ಪತ್ರೆಯ ಹೆಪ್ಪನ್ನು ಅವಳು ಎರಡು ಮನೆಗಳಲ್ಲಿ ಹಾಕಿಟ್ಟಳು. ಒಂದು, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಮನೆಯ ಸೊಸೆ, ತನ್ನ ಸ್ಕೂಲಿನ ಗೆಳತಿ ಮೆಹರುನ್ನೀಸಾಳ ಬೀರುವಿನಲ್ಲಿ. ಇನ್ನೊಂದು, ಚಿಂತಾಮಣಿಯ ನಮ್ಮ ಮನೆಯಲ್ಲಿ, ಅಮ್ಮನ ಹುಣಸೆಹಣ್ಣಿನ ಜಾಡಿಯೊಳಗೆ!

ಅಂಗೈಯಗಲದ ಕಪ್ಪು ಚೌಕ, ಹೆಸರು ಫ್ಲಾಪಿ. ಭಾನುವಾರ ಬಂತೆಂದರೆ ಅತ್ತೆ ಟಿಫನ್ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಚಿತ್ರಾನ್ನ, ಕೆಳಗಿನ ಡಬ್ಬಿಯಲ್ಲಿ ಹೊಸ ಫ್ಲಾಪಿಗಳನ್ನು ತುಂಬಿಕೊಂಡು ಹೊರಡುವಳು. ಹಳೆಯದನ್ನು ತೆಗೆದು ಹೊಸದನ್ನು ಇಡುವಳು. ಯಾವುದು ಯಾವ ಮನೆಯದೆಂದು ಮೂಸಿಯೇ ಹೇಳುತ್ತಿದ್ದಳು. ಶಿಡ್ಲಘಟ್ಟದ್ದಕ್ಕೆ ಬೆಂದ ರೇಷ್ಮೆಗೂಡಿನ ವಾಸನೆ, ನಮ್ಮದಕ್ಕೆ ಹುಣಸೆಯದು. ಈಗ ನಮ್ಮದನ್ನು ಇನ್ನೊಬ್ಬರ ಮನೆಯಲ್ಲಿಟ್ಟು ಬೇಕಾದಾಗ ತರಿಸಿಕೊಳ್ಳುವುದಕ್ಕೆ ಕ್ಲೌಡ್ ಎನ್ನುತ್ತಾರಂತೆ. ನಮ್ಮ ಮನೆಯಲ್ಲಿ ಅದಕ್ಕೆ ಜಾಡಿ ಎನ್ನುತ್ತಿದ್ದೆವು.

ಒಂದು ಶುಕ್ರವಾರ ಸಿಡಿಲಿಗೆ ಆಸ್ಪತ್ರೆಯ ಕಂಪ್ಯೂಟರ್ ಕೆಟ್ಟು ಕೂತಿತು. ಎಂಜಿನಿಯರು ಬಂದು ಸರಿಮಾಡಿದ, ಆದರೆ ಒಳಗಿದ್ದದ್ದೆಲ್ಲ ಸೊನ್ನೆ. ಯಾರಿಗೆ ಯಾವ ಮಾತ್ರೆ, ಎಲ್ಲಿಯವರೆಗೆ, ಒಂದೂ ಗೊತ್ತಿಲ್ಲ. ಶಿಡ್ಲಘಟ್ಟದಲ್ಲಿ ಮೆಹರುನ್ನೀಸಾಳ ಮನೆಗೆ ಬೀಗ ಬಿದ್ದಿತ್ತಂತೆ, ಅತ್ತೆ ಸಿಕ್ಕಿದ ಬಸ್ಸು ಹತ್ತಿ ನಮ್ಮ ಮನೆಗೆ ಓಡಿಬಂದಳು. ಅಮ್ಮ ಆಗಷ್ಟೇ ದೇವರ ಮುಂದೆ ದೀಪ ಹಚ್ಚಿದ್ದಳು.

"ಶುಕ್ರವಾರ ದೀಪ ಹಚ್ಚಿದ್ಮೇಲೆ ಹೆಪ್ಪು ಆಚೆ ಕೊಡಲ್ಲ ಕಣಮ್ಮ," ಎಂದಳು ಅಮ್ಮ.

ಅಪ್ಪ ತಲೆ ಚಚ್ಚಿಕೊಂಡ. ನಾನು ಇನ್ನೇನು ಮಹಾಯುದ್ಧವಾಗುತ್ತದೆ ಎಂದು ನಡುಮನೆಗೆ ಬಂದು ನಿಂತೆ. ಅತ್ತೆ ಅಮ್ಮನನ್ನು ನೋಡಿದಳು, ಜಾಡಿಯನ್ನು ನೋಡಿದಳು, ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆ ಹಾಸಿಕೊಂಡಳು. ಹೇಗೂ ಬೆಳಿಗ್ಗೆ ಹೊರರೋಗಿಗಳು ಬರುವ ಹೊತ್ತಿಗೆ ಮೊದಲ ಬಸ್ಸು ಮುಟ್ಟುತ್ತದಂತೆ.

"ಈ ಮನೆ ಭದ್ರವಾಗಿದೆ ಕಣೋ ಅಣ್ಣಾ," ಎಂದಳು, ಕಣ್ಣುಮುಚ್ಚಿ.

ಇನ್ನು ನನ್ನ ಕಥೆಗೆ ಬರುತ್ತೇನೆ. ಡಿಗ್ರಿ ಎರಡನೆಯ ವರ್ಷದಲ್ಲಿ ನನಗೇ ಆ ಕಾಯಿಲೆ ಬಂತು. ಚಿಕ್ಕಬಳ್ಳಾಪುರದಲ್ಲಿ ಅತ್ತೆಯ ಬಾಡಿಗೆ ಕೋಣೆಯಲ್ಲೇ ಇದ್ದು, ಅತ್ತೆಯ ಆಸ್ಪತ್ರೆಯ ಮಾತ್ರೆ ತಿಂದು ವಾಸಿ ಮಾಡಿಕೊಂಡೆ. ಬೀದಿಯವರಿಗೆ ಅಮ್ಮ ಹೇಳಿದ್ದೇನು ಗೊತ್ತೇ? ಸಾದಲಿಯ ನೆಂಟರ ಮನೆಗೆ ರೇಷ್ಮೆಹುಳು ಸಾಕಲು ಸಹಾಯಕ್ಕೆ ಹೋಗಿದ್ದಾಳೆ ಎಂದು! ಹುಳು ತಿಂಗಳೊಳಗೆ ಗೂಡು ಕಟ್ಟುತ್ತದೆ ಎಂಬುದು ಚಿಂತಾಮಣಿಯ ಮಗುವಿಗೂ ಗೊತ್ತು. ಮಳೆಗಾಲ ಹೋಗಿ ಬೇಸಿಗೆ ಬಂದರೂ ಸಾದಲಿಯ ಹುಳುಗಳು ಗೂಡು ಕಟ್ಟಲೇ ಇಲ್ಲ. ಎದುರುಮನೆಯವರು ಕೇಳಿಕೇಳಿ ಸುಸ್ತಾದರು.

ಆಮೇಲೆ ಗೌರಿಬಿದನೂರಿನಿಂದ ಒಂದು ಸಂಬಂಧ ಬಂತು. ಹುಡುಗ ಹೈಸ್ಕೂಲು ಮೇಷ್ಟರು. ನೋಡಲು ಬಂದ ದಿನ ಅವರು ಉಪ್ಪಿಟ್ಟು ತಿನ್ನುವಾಗ ಕೆಮ್ಮಿದರು. ನನಗೆ ಆ ಮೇಷ್ಟರು ಇಷ್ಟವಾಗಿದ್ದರು, ಸುಳ್ಳೇಕೆ ಹೇಳಲಿ? ಆದರೆ ಅವರು ಹೋದದ್ದೇ ತಡ, ಅಪ್ಪ ಶುರುಮಾಡಿದ.

"ಕೆಮ್ಮಿದ! ನೋಡಿದ್ರಾ? ಸಣ್ಣಗೆ ಬೇರೆ ಇದಾನೆ!"

"ಉಪ್ಪಿಟ್ಟಲ್ಲಿ ಮೆಣಸಿನಕಾಯಿ ಸಿಕ್ಕಿರ್ಬೇಕು ಕಣ್ರೀ," ಎಂದಳು ಅಮ್ಮ.

ಭಾನುವಾರ ಅತ್ತೆ ಬಂದಾಗ ಅಪ್ಪ ಅವಳನ್ನು ಹಿಡಿದು ಕೂರಿಸಿದ. ತಂಗೀ, ನಿನ್ನ ಕಂಪ್ಯೂಟರಿನಲ್ಲಿ ಆ ಹುಡುಗನ ಹೆಸರು ಇದೆಯೋ ಇಲ್ಲವೋ, ಇಷ್ಟು ಹೇಳಿಬಿಡು ಸಾಕು.

"ನಂಗೇನ್ ಗೊತ್ತಣ್ಣಾ? ನಾನು ಬಾಗ್ಲು ಕಾಯೋಳು."

"ನಿನ್ನ ಸೋದರಸೊಸೆ ಜೀವನದ ಪ್ರಶ್ನೆ ಕಣೇ ಇದು!"

"ಆ ಹುಡುಗನೂ ಯಾರಿಗೋ ಸೋದರಳಿಯ."

ಅಪ್ಪ ಕೂಗಿದ, ಬೇಡಿದ, ಊಟ ಬಿಟ್ಟ. ಅತ್ತೆ ಅವನ ತಟ್ಟೆಯ ಒಬ್ಬಟ್ಟನ್ನೂ ತಾನೇ ತಿಂದು ನಾಲ್ಕರ ಬಸ್ಸಿಗೆ ಹೊರಟುಹೋದಳು. ನಮ್ಮದನ್ನು ಮುಚ್ಚಿಡಬೇಕು, ಅವರದನ್ನು ಬಿಚ್ಚಿನೋಡಬೇಕು ಎಂಬ ಅಪ್ಪನ ನ್ಯಾಯ ಆಗ ನನಗೂ ವಿಚಿತ್ರ ಅನಿಸಲಿಲ್ಲ. ಹೆಣ್ಣು ಹೆತ್ತವರ ಮನೆಯಲ್ಲಿ ಅದೇ ನ್ಯಾಯ.

ಮರುದಿನ ಅಪ್ಪ ಜಾಡಿಗೆ ಕೈ ಹಾಕಿದ. ಫ್ಲಾಪಿಯನ್ನು ಪಂಚೆಯಲ್ಲಿ ಒರೆಸಿ ಜೇಬಿಗಿಟ್ಟು, ನನಗೆ ಇಂಗ್ಲಿಷ್ ಬರುತ್ತದೆಂದು ನನ್ನನ್ನೂ ಎಳೆದುಕೊಂಡು, ಪೇಟೆಯಲ್ಲಿ ಹೊಸದಾಗಿ ತೆರೆದಿದ್ದ ಕಂಪ್ಯೂಟರ್ ಕಲಿಸುವ ಸೆಂಟರಿಗೆ ಹೋದ. ಅಲ್ಲಿನ ಮೇಷ್ಟರು ಫ್ಲಾಪಿಯನ್ನು ಮೂಸಿ ಮುಖ ಕಿವುಚಿ, ಒಳಗೆ ತಳ್ಳಿದರು. ಪರದೆ ಪಾಸ್‌ವರ್ಡ್ ಕೇಳಿತು.

"ಮನೆದೇವರ ಹೆಸರು ಹಾಕಿ," ಎಂದ ಅಪ್ಪ. ಆಗಲಿಲ್ಲ. ಅಜ್ಜಿಯ ಹೆಸರು ಹಾಕಿದರು. ಆಗಲಿಲ್ಲ. ಕಲಿಯಲು ಬಂದಿದ್ದ ಹುಡುಗರೆಲ್ಲ ತಮ್ಮ ತಮ್ಮ ಕುರ್ಚಿ ಎಳೆದುಕೊಂಡು ಬಂದು ಸುತ್ತ ಕೂತರು. ಒಬ್ಬ ತಿರುಪತಿ ಎಂದ, ಇನ್ನೊಬ್ಬ ವಿದುರಾಶ್ವತ್ಥ ಎಂದ. "ಇದೀ ಕಾದು ಸಾರ್," ಎಂದು ಮೇಷ್ಟರು ಪ್ರತಿ ಸಲವೂ ತೆಲುಗಿನಲ್ಲಿ 'ಇದೂ ಅಲ್ಲ' ಎಂಬ ತೀರ್ಪು ಕೊಟ್ಟರು. ಆಟ ರಂಗೇರಿತು.

"ತೆರೆದುಕೊಂಡ್ರೆ ಎಲ್ಲಾ ಹೆಸರೂ ಸಾಲಾಗಿ ಬರುತ್ತೆ ಸಾರ್, ಊರು ಸಮೇತ," ಎಂದರು ಮೇಷ್ಟರು ಹುರುಪಿನಿಂದ.

ಎಲ್ಲಾ ಹೆಸರೂ! ಅದರಲ್ಲಿ ನನ್ನ ಹೆಸರೂ ಇತ್ತು. ಚಿಂತಾಮಣಿ ಎಂದು ಊರಿನ ಹೆಸರೂ ಇತ್ತು. ಆ ಹುಡುಗರಲ್ಲಿ ಇಬ್ಬರು ನಮ್ಮ ಬೀದಿಯವರೇ. ಅಪ್ಪನ ತೋಳು ಜಗ್ಗಿದೆ, ಅವನಿಗೆ ಅಮಲು ಏರಿತ್ತು, ಆಂಜನೇಯ ಹಾಕಿ ಎನ್ನುತ್ತಿದ್ದ. ಬಾಯಿಬಿಟ್ಟು ಬೇಡ ಎನ್ನುವಂತೆಯೂ ಇಲ್ಲ. ಯಾಕೆ ಬೇಡ ಎಂದರೆ ಏನು ಹೇಳಲಿ? ಒಂದೊಂದು ದೇವರು ಸೋತಾಗಲೂ ನಾನು ಆ ದೇವರಿಗೇ ಕೈಮುಗಿದೆ. ಅಷ್ಟರಲ್ಲಿ ಕರೆಂಟು ಹೋಯಿತು! ಕರೆಂಟು ಹೋದದ್ದಕ್ಕೆ ಆನಂದಬಾಷ್ಪ ಸುರಿಸಿದವಳು ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಫ್ಲಾಪಿ ಜಾಡಿಗೆ ಮರಳಿತು. ಆದರೆ ಮುಂದಿನ ಭಾನುವಾರ ಅತ್ತೆ ಅದನ್ನು ಮೂಸಿದವಳೇ ಹುಬ್ಬು ಗಂಟಿಕ್ಕಿದಳು. ಅದಕ್ಕೆ ಹುಣಸೆಯ ಜೊತೆ ಅಪ್ಪನ ನಶ್ಯದ ವಾಸನೆಯೂ ಹತ್ತಿತ್ತು.

"ಇದ್ನ ಎಲ್ಲಿಗೆ ತಗೊಂಡು ಹೋಗಿದ್ಯೋ ಅಣ್ಣಾ?"

ಅಪ್ಪ ಸೂರು ನೋಡಿದ. ಅತ್ತೆ ಕೂಗಾಡಲಿಲ್ಲ. "ಇದ್ರಲ್ಲಿ ನಿನ್ನ ಮಗಳ ಹೆಸರೂ ಇತ್ತಲ್ಲೋ," ಎಂದಳು, ಅಷ್ಟೇ.

ಆ ಕ್ಷಣದವರೆಗೂ ಅಪ್ಪನಿಗೆ ಅದು ಹೊಳೆದೇ ಇರಲಿಲ್ಲ. ಅತ್ತೆ ಫ್ಲಾಪಿಯನ್ನು ಕ್ಯಾರಿಯರಿಗೆ ಹಾಕಿಕೊಂಡಳು, ಹೊಸದನ್ನು ಇಡಲಿಲ್ಲ. ಹೆಪ್ಪು ಕೆಡಿಸಿದ ಮನೆ ಅನಿಸಿಕೊಂಡೆವಲ್ಲಾ ಎಂದು ಅಮ್ಮ ಜಾಡಿ ಹಿಡಿದುಕೊಂಡು ಅತ್ತಳು.

ಬಸ್‌ಸ್ಟಾಂಡಿನವರೆಗೂ ನಾನು ಅತ್ತೆಯ ಹಿಂದೆಯೇ ಹೋದೆ. ಈಗ ನಾನೇನು ಮಾಡಲಿ ಎಂದು ಕೇಳಿದೆ.

"ಅದು ನಿಂದು ಕಣೇ. ಹೇಳೋದಾದ್ರೆ ನೀನು ಹೇಳು, ಬಿಡೋದಾದ್ರೆ ನೀನು ಬಿಡು. ನಾನೂ ಹೇಳಲ್ಲ, ನಿಮ್ಮಪ್ಪನೂ ಹೇಳ್ಬಾರ್ದು."

ಗೌರಿಬಿದನೂರಿನವರು ಎರಡನೆಯ ಸಲ ಬಂದಾಗ ಹಿತ್ತಲಲ್ಲಿ, ಒಗೆಯುವ ಕಲ್ಲಿನ ಹತ್ತಿರ, ನಾನೇ ಮೇಷ್ಟರಿಗೆ ಹೇಳಿಬಿಟ್ಟೆ. ಅವರು ನೆಲ ನೋಡುತ್ತಾ ಕೇಳಿಸಿಕೊಂಡರು. ಸರಿ ಎಂದರು. ವಾರ ಕಳೆಯುವುದರೊಳಗೆ ಜಾತಕ ಕೂಡಿಬರಲಿಲ್ಲ ಎಂದು ದಳ್ಳಾಳಿಯ ಕೈಲಿ ಹೇಳಿಕಳಿಸಿದರು. ನಿಜವಾದ ಕಾರಣವನ್ನು ಅವರು ಯಾರಿಗೂ ಹೇಳಲಿಲ್ಲ, ಅಷ್ಟರಮಟ್ಟಿಗೆ ದೊಡ್ಡವರು. ಆದರೆ ಆ ದೊಡ್ಡತನವನ್ನು ಕಟ್ಟಿಕೊಂಡು ನಾನೇನು ಮಾಡಲಿ? ತಿಂಗಳುಗಟ್ಟಲೆ ಅಳುತ್ತಿದ್ದೆ. ನಿಜ ಹೇಳಿದರೂ ಸೋಲು, ಮುಚ್ಚಿಟ್ಟರೂ ಭಯ, ಇಂಥ ಊರಲ್ಲಿ ಯಾಕಾದರೂ ವಾಸಿಯಾದೆನೋ ಅನಿಸಿತು. ಇನ್ನೊಂದು ಸಂಬಂಧಕ್ಕೆ ಓಡಾಡುವ ಉತ್ಸಾಹ ಅಪ್ಪನಲ್ಲೂ ಉಳಿದಿರಲಿಲ್ಲ. ನಾನು ಒಂದು ಶಿಶುವಿಹಾರದಲ್ಲಿ ಕೆಲಸಕ್ಕೆ ಸೇರಿದೆ.

ಅತ್ತೆ ನಿವೃತ್ತಳಾದ ಮೇಲೆ ಆ ಕಂಪ್ಯೂಟರ್ ಕೋಣೆಗೆ ಒಬ್ಬ ಹೊಸಬ ಬಂದ. ಗಾಳಿ ಬರಲೆಂದು ಬಾಗಿಲು ತೆರೆದಿಟ್ಟ, ಬೆಳಕಿಗೆಂದು ಪರದೆಯನ್ನು ಸಾಲಿನ ಕಡೆ ತಿರುಗಿಸಿದ. ಔಷಧಿಗೆ ನಿಂತವರು ಹೊತ್ತುಹೋಗದೆ ಒಬ್ಬರ ಹೆಸರು ಒಬ್ಬರು ಓದಿಕೊಳ್ಳುವರಂತೆ. ಧರ್ಮಾವರದ ತುಂಡು ನೆಲ ಒರೆಸಲು ಹೋಯಿತು. ಇಷ್ಟು ವರ್ಷ ಇವಳು ನಮ್ಮ ಪ್ರಾಣ ತಿಂದು ಕಾದದ್ದೆಲ್ಲ ಹೀಗೆ ಬೀದಿಗೆ ಬಂತಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಅತ್ತೆ ಆಗಲೇ ಕೆಮ್ಮುತ್ತಿದ್ದಳು. ಆ ಕೆಮ್ಮನ್ನೂ ನಮ್ಮಿಂದ ಮುಚ್ಚಿಟ್ಟು, ದಿಂಬಿಗೆ ಮುಖ ಒತ್ತಿಕೊಂಡು ಕೆಮ್ಮುತ್ತಿದ್ದಳೆಂದು ಗೊತ್ತಾದಾಗ ತಡವಾಗಿತ್ತು. ಅದೇ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ.

ಚಿಕ್ಕ ವಯಸ್ಸಿನ ಡಾಕ್ಟರು ಬಂದು ಮಂಚದ ಪಕ್ಕ ಕೂತರು.

"ಹಿಂದೆ ಯಾವಾಗಾದ್ರೂ ಈ ಕಾಯಿಲೆ ಬಂದಿತ್ತಾಮ್ಮಾ? ವಯಸ್ಸಲ್ಲಿದ್ದಾಗ?"

ಅತ್ತೆ ನನ್ನ ಕಡೆ ನೋಡಿದಳು. ಅವಳ ಮದುವೆ ಯಾಕಾಗಲಿಲ್ಲ ಎಂಬ ಪ್ರಶ್ನೆ ಮನೆಯಲ್ಲಿ ನನ್ನ ವಯಸ್ಸಿಗಿಂತ ಹಳೆಯದು. ಅದರ ಉತ್ತರ ಈಗ ಅವಳ ತುಟಿಯವರೆಗೆ ಬಂದು ನಿಂತಿತ್ತು. ನನಗೆ ಅವಳ ಮೇಲೆ ಹಿಂದೆಂದೂ ಬಾರದಷ್ಟು ಪ್ರೀತಿ ಬಂತು. ಎದ್ದು ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ನಿಂತೆ.

ಅಷ್ಟರಲ್ಲಿ ಅಪ್ಪ ಅದೇ ಹಳೇ ಕ್ಯಾರಿಯರಿನಲ್ಲಿ ಗಂಜಿ ಹಿಡಿದು ಏದುಸಿರು ಬಿಡುತ್ತಾ ಬಂದ.

"ಏನಂತೆ? ಒಳಗೆ ಏನ್ ಕೇಳ್ತಿದಾರೆ? ಅವ್ಳೇನಂದ್ಳು?"

"ನಂಗೇನ್ ಗೊತ್ತಪ್ಪಾ?" ಎಂದೆ. "ನಾನು ಬಾಗ್ಲು ಕಾಯೋಳು."

ಅಪ್ಪ ನನ್ನ ಮುಖವನ್ನೇ ನೋಡಿದ. ಆಮೇಲೆ ಕ್ಯಾರಿಯರನ್ನು ಕೆಳಗಿಟ್ಟು, ಬಾಗಿಲಿನ ಇನ್ನೊಂದು ಪಕ್ಕಕ್ಕೆ ಬಂದು ನಿಂತುಕೊಂಡ.