ನಚಿಕೇತನ ಟೇಪಿಗೆ ಇಸ್ತ್ರಿ

ಲಂಡನ್ನಿನ ಅದೆಷ್ಟೋ ಜನರ ಕರುಳು ಹೊಲಿದ ಕೈ ಇದು. ಒಂದು ಹಳೆಯ ವಿಡಿಯೋ ಟೇಪು ಇದಕ್ಕೆ ಯಾವ ಲೆಕ್ಕ! ಹೀಗೆಂದು ಹೆಂಡತಿ ಶ್ರೀಲತಾಳ ಮುಂದೆ ಎದೆ ತಟ್ಟಿಕೊಂಡವನು ನಾನೇ, ಅಲ್ಲಿನ ಪಿನ್ನರ್ ಬಡಾವಣೆಯ ನಿವೃತ್ತ ಸರ್ಜನ್ ರಾಮಪ್ರಸಾದ್.

ಟೇಪು ಶ್ರೀಲತಾಳ ಅಣ್ಣ ನಚಿಕೇತನದು. ಡಾಕ್ಟರ್ ಅಪ್ಪನ ಜೊತೆ ಧಾರವಾಡದಿಂದ ಚಿಕ್ಕಂದಿನಲ್ಲೇ ಇಲ್ಲಿಗೆ ಬಂದ ಅಣ್ಣತಂಗಿ ಅವರು. ಎಪ್ಪತ್ತರ ದಶಕದ ಬೆಲ್‌ಬಾಟಂ ದಿನಗಳಲ್ಲಿ, ಟಿವಿಯ ಹಾಡು-ಕುಣಿತದ ಕಾರ್ಯಕ್ರಮವೊಂದರಲ್ಲಿ ನಚಿಕೇತ ಬಿಳಿಯ ಹುಡುಗ ಹುಡುಗಿಯರ ನಡುವೆ ಕುಣಿದಿದ್ದನಂತೆ. ಎಷ್ಟೋ ವರ್ಷಗಳ ಮೇಲೆ ಅದು ಮರುಪ್ರಸಾರವಾದಾಗ ರೆಕಾರ್ಡ್ ಮಾಡಿಟ್ಟುಕೊಂಡ. ಮನೆಗೆ ಯಾರೇ ಬಂದರೂ ಟೇಪು ಹಾಕಿ, ಬೆನ್ನು ತಿರುಗಿಸಿ ಕುಣಿಯುವ ಉದ್ದಕೂದಲಿನ ಹುಡುಗನನ್ನು ತೋರಿಸಿ, ಅದು ನಾನೇ ಅನ್ನುತ್ತಿದ್ದ.

ಅವನು ತೀರಿಕೊಂಡು ವರ್ಷವಾಗುತ್ತಿತ್ತು. ವರ್ಷಾಂತಿಕಕ್ಕೆ ಅವನ ಮಗ ಭಾರ್ಗವ ಬರುವವನಿದ್ದ. ಟೇಪನ್ನು ಕಂಪ್ಯೂಟರಿಗೆ ಇಳಿಸಿ, ಗೋಡೆಯಗಲದ ನಮ್ಮ ಹೊಸ ಟಿವಿಯಲ್ಲಿ ತೋರಿಸುವುದು ನನ್ನ ಸಂಕಲ್ಪ. ಶ್ರೀಲತಾ ಬೇಡವೆಂದಳು. ನನ್ನ ಕೈಗುಣದ ಮೇಲೆ ನಂಬಿಕೆಯಿಲ್ಲವೆಂದುಕೊಂಡು ನನ್ನ ಹಠ ಹೆಚ್ಚಾಯಿತು.

ಹಳೆ ಸಾಮಾನು ಮಾರುವ ಚಾರಿಟಿ ಅಂಗಡಿಯಿಂದ ಮುದಿ ವಿಸಿಆರ್ ಒಂದನ್ನು ಹೊತ್ತು ತಂದೆ. ಅದು ಟೇಪನ್ನು ಬಾಯಿಗೆ ಹಾಕಿಕೊಂಡು ಎಲೆಅಡಿಕೆಯಂತೆ ಅಗಿಯತೊಡಗಿತು. ಎಳೆದೆ. ಇಷ್ಟುದ್ದ ಕರುಳು ಯಾವ ರೋಗಿಯ ಹೊಟ್ಟೆಯಿಂದಲೂ ಬಂದಿರಲಿಲ್ಲ! ಹರಿದಲ್ಲಿ ಸೆಲ್ಲೋಟೇಪು ಅಂಟಿಸಿದೆ. ಮುದುಡಿದಲ್ಲಿ, ನಗಬೇಡಿ, ಇಸ್ತ್ರಿ ಪೆಟ್ಟಿಗೆ ಇಟ್ಟೆ. ರೇಷ್ಮೆ ಸೀರೆಯ ಹದದ ಬಿಸಿ ಸಾಕೆಂಬುದು ನನ್ನ ಲೆಕ್ಕ. ಟೇಪು ಕರಗಿ ಇಸ್ತ್ರಿಗೆ ಮೆತ್ತಿಕೊಂಡಿತು. ಹೊಗೆಗೆ ಸ್ಮೋಕ್ ಅಲಾರ್ಮ್ ಬೊಬ್ಬೆಯಿಟ್ಟಿತು. ಗಾಬರಿಯಲ್ಲಿ ಜಗ್ಗಿನ ನೀರು ಸುರಿದೆ. ಮನೆಯ ಕರೆಂಟೇ ಹೋಯಿತು.

ಓಡಿಬಂದ ಶ್ರೀಲತಾ ನೆಲದಲ್ಲಿ ಕೂತು, ಆ ಕಪ್ಪು ಮುದ್ದೆಯನ್ನು ಕೈಗೆತ್ತಿಕೊಂಡು ಅತ್ತಳು. ನನಗೆ ಭೂಮಿ ಬಾಯ್ಬಿಟ್ಟರೆ ಸಾಕೆನಿಸಿತು. ತಪ್ಪಾಯಿತು ಅಂದೆ. ಅವಳು ತಲೆಯಾಡಿಸಿದಳು.

"ಆ ಹುಡುಗ ನಮ್ಮಣ್ಣ ಅಲ್ರಿ."

ಅಂದು ಅಣ್ಣನ ಜೊತೆ ಅವಳೂ ಹೋಗಿದ್ದಳಂತೆ. ಕೈಯಲ್ಲಿ ಟಿಕೆಟ್ ಇದ್ದರೂ ಸ್ಟುಡಿಯೋ ಬಾಗಿಲಿನವನು ಅವರ ಮುಖದ ಬಣ್ಣ ನೋಡಿ ಒಳಗೆ ಬಿಡಲಿಲ್ಲ. ಕಾರ್ಯಕ್ರಮ ಮುಗಿಯುವವರೆಗೆ ಇಬ್ಬರೂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದರು. ಶಾಲೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದ ನಚಿಕೇತ, ಕುಣಿದು ಬಂದೆ ಅಂದುಬಿಟ್ಟ. ಯಾರಿಗೂ ಹೇಳಬಾರದೆಂದು ತಂಗಿಯಿಂದ ಆಣೆ ಮಾಡಿಸಿಕೊಂಡ.

"ಕಡೀಕ ಆ ಹುಡುಗ ಒಮ್ಮೆ ಈ ಕಡೆ ತಿರಗ್ತಾನ," ಎಂದಳು. "ಅಷ್ಟು ದೊಡ್ಡ ಟಿವಿಯೊಳಗ ನೋಡಿದ್ರ ಭಾರ್ಗವಗ ಗೊತ್ತಾಗ್ತಿತ್ತು."

ಆ ಘಳಿಗೆ ಬರುವ ಮೊದಲೇ ನಚಿಕೇತ ಪ್ರತಿಸಲವೂ ಟೇಪು ನಿಲ್ಲಿಸುತ್ತಿದ್ದುದು ನನಗೆ ಆಗ ಹೊಳೆಯಿತು.

ವರ್ಷಾಂತಿಕದ ಊಟವಾದ ಮೇಲೆ ಭಾರ್ಗವ ಟೇಪು ಕೇಳಿದ. ಇಸ್ತ್ರಿಯ ಕಥೆ ಹೇಳಿದೆ. ಅವನು ಗೋಡೆಯ ಖಾಲಿ ಟಿವಿಯತ್ತ ತಿರುಗಿದ.

"ಡ್ಯಾಡ್ ಕುಣಿದದ್ದು ಅದೊಂದೇ ಇತ್ತು, ಮಾಮಾ."

ಶ್ರೀಲತಾ ಬಾಯಿ ತೆರೆದಳು. ಬೇಡವೆಂದು ಕಣ್ಸನ್ನೆ ಮಾಡಿದೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಅವಳು ಅಡಿಗೆಮನೆಗೆ ಎದ್ದು ಹೋದಳು.

ಈಗ ಊರಿನ ಕನ್ನಡದವರು ಯಾರೂ ನನ್ನ ಕೈಗೆ ಫೋಟೋ ಆಲ್ಬಮ್ ಕೊಡುವುದಿಲ್ಲ. ಭಾರ್ಗವನ ಪುಟ್ಟ ಮಗಳು ವಿಭಾ ಕಂಡಕಂಡವರಿಗೆಲ್ಲ ನನ್ನ ಪರಿಚಯ ಮಾಡಿಕೊಡುತ್ತಾಳೆ: "ನಮ್ಮ ಅಜ್ಜ ಟಿವಿಯಲ್ಲಿ ಡಾನ್ಸ್ ಮಾಡಿದ್ರು. ಈ ಅಜ್ಜ ಅವರಿಗೆ ಇಸ್ತ್ರಿ ಹಾಕಿದ್ರು."

"ಹೌದು ಪುಟ್ಟಿ," ಅನ್ನುತ್ತೇನೆ. "ಬಹಳ ಚೆನ್ನಾಗಿ ಕುಣಿದಿದ್ದ."