ಫ್ಲೂ ಬಂದ ವರ್ಷ ನಮ್ಮ ಶಾಲೆಯ ಬೀಗ

ಮಾಸ್ತರಿಕೆ ಮಾಡಿದವನ ಬದುಕಿನಲ್ಲಿ ನಗುವಿಗೆ ಬರ ಬರುವುದಿಲ್ಲ. ಮಕ್ಕಳು ನಗಿಸುತ್ತಾರೆಂದು ಜನ ತಿಳಿದಿದ್ದಾರೆ. ಸುಳ್ಳು. ಮಕ್ಕಳು ಗಂಭೀರ ಜನ. ನಗಿಸುವವರು ಅವರನ್ನು ಹೆತ್ತವರು. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಹಳ್ಳಿಗಳಲ್ಲಿ ಮೂವತ್ತು ವರ್ಷ ತಿರುಗಿ ನಾನು ಗಟ್ಟಿಯಾಗಿ ಕಲಿತ ಪಾಠ ಇದೊಂದೇ.

ನಾವು ಹೈದರಾಬಾದ ರಾಜ್ಯದವರಾಗಿ ಮಲಗಿ ಮುಂಬಯಿ ರಾಜ್ಯದವರಾಗಿ ಎದ್ದ ಮರುವರ್ಷದ ಮಾತು. ತುರೋರಿಯಲ್ಲಿ ಬಸ್ಸಿಳಿದು ಮೂರು ಮೈಲು ಕೆಸರು ತುಳಿದರೆ ಸಿಗುವ ಒಂದು ಸಣ್ಣ ಊರಿನಲ್ಲಿ ನಾನಿದ್ದೆ. ಒಂದು ಕೋಣೆ, ಒಂದು ಬೇವಿನ ಮರ, ಮೂವತ್ತೊಂದು ಮಕ್ಕಳು, ಒಬ್ಬ ಮಾಸ್ತರ. ಶಾಲೆ ಬಂದು ಎರಡೇ ವರ್ಷವಾಗಿತ್ತು. ಅದನ್ನು ತರಲು ಊರಿನವರು ಚಪ್ಪಲಿ ಸವೆಸಿದ್ದರು. ಹಳ್ಳದ ಆಚೆಯ ಊರಿನವರಿಗೂ ಶಾಲೆ ಬೇಕಿತ್ತು. ಅವರು ಆಗಲೇ ಕೋಣೆ ಕಟ್ಟಿ ಸುಣ್ಣ ಬಳಿದು ಕಾಯುತ್ತ ಕುಳಿತಿದ್ದರು. ತಪಾಸಣೆಗೆ ಬರುವ ಸಾಹೇಬರು ಹಿಂದಿನ ಸಲವೇ ನನಗೆ ಹೇಳಿಹೋಗಿದ್ದರು: "ನಾನು ಬಂದ ದಿವಸ ಶಾಲೆ ಮುಚ್ಚಿದ್ದರೆ, ಇಲ್ಲವೇ ಹುಡುಗರು ಕಡಿಮೆ ಕಂಡರೆ, ಶಾಲೆಯನ್ನೂ ನಿನ್ನನ್ನೂ ಎತ್ತಿ ಹಳ್ಳದ ಆಚೆಗೆ ಇಡುತ್ತೇನೆ."

ನನಗೋ ಆ ಊರು ಬಿಡಲು ಮನಸ್ಸಿರಲಿಲ್ಲ. ಹೊತ್ತಿಗೆ ಸರಿಯಾಗಿ ಯಾರದೋ ಮನೆಯಿಂದ ಬಿಸಿ ರೊಟ್ಟಿ, ಪುಂಡಿಪಲ್ಯ ಬರುತ್ತಿತ್ತು. ಜನ ಬಾಯಿ ತುಂಬ ಮಾತಾಡುತ್ತಿದ್ದರು. ಸುಖವಾಗಿದ್ದೆ, ಮುಚ್ಚಿಟ್ಟು ಏನು ಪ್ರಯೋಜನ? ಅಂಥ ಹೊತ್ತಿನಲ್ಲಿ ಫ್ಲೂ ಜ್ವರ ಬಂತು.

೧. ಗುಂಪು ಕೂಡಬಾರದೆಂದು ಕೂಡಿದ ಗುಂಪು

ಮಳೆಗಾಲದ ಆರಂಭ. ಸುತ್ತಲಿನ ಊರುಗಳಲ್ಲಿ ಜನ ಸಾಲುಸಾಲಾಗಿ ಜ್ವರ ಬಂದು ಮಲಗತೊಡಗಿದ್ದರು. ಮರಾಠಿಯಲ್ಲಿ ಒಂದು ಸುತ್ತೋಲೆ ಬಂತು: ಪಾಲಕರನ್ನು ವಿಚಾರಿಸಿ, ಶಾಲೆ ಮುಚ್ಚುವ ಬಗ್ಗೆ ಮಾಸ್ತರರೇ ಯೋಗ್ಯ ನಿರ್ಣಯ ತೆಗೆದುಕೊಳ್ಳಬೇಕು. ಕೆಳಗೆ ಅದೇ ಸಾಹೇಬರ ಸಹಿ. ಅಂದರೆ ಮುಚ್ಚಿದರೂ ತಪ್ಪು ನನ್ನದು, ತೆರೆದರೂ ನನ್ನದು.

ಮಠದ ಅಂಗಳದಲ್ಲಿ ಸಭೆ ಕರೆದೆ. ಊರಿನ ಪಾಟೀಲರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದು ಕುಳಿತರು. ನೂರು ಕುರಿಗಳ ಒಡೆಯನಾದ ಒಬ್ಬ ಮುದುಕ, ಊರಿಗೆಲ್ಲ ಮುತ್ಯಾ, ಬೀರಪ್ಪನ ಭಕ್ತ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಎದುರಿಗೆ ಕುಳಿತ.

"ಮಾಸ್ತರ್ರೀ, ಸಾಲಿಗಿ ಬೀಗ ಹಾಕ್ರಿ," ಅಂದರು ಪಾಟೀಲರು. "ಪೋರಗೋಳು ಒಂದಕ್ಕೊಂದು ಹತ್ತಿ ಕೂತ್ರ ಜಡ್ಡು ಹತ್ತತದ. ಜೀವ ಉಳದ್ರ ಅಕ್ಷರ ಆಮ್ಯಾಲ ಕಲೀಬಹುದು."

ಪಾಟೀಲರ ಹೆಸರುಕಾಳಿನ ಹೊಲದಲ್ಲಿ ಕಳೆ ಮೊಳಕಾಲುದ್ದ ಬೆಳೆದಿದೆ, ಕೀಳಲು ಸಣ್ಣ ಕೈಗಳು ಬೇಕಾಗಿವೆ ಎಂಬುದು ಎಲ್ಲರಿಗೂ ಗೊತ್ತಿತ್ತು. 

"ಮನ್ಯಾಗ ಆರು ಪೋರಗೋಳು ಒಂದೇ ಕಂಬಳಿ ಹೊತ್ತು ಮಲಗ್ತಾವ ಪಾಟೀಲ್ರ," ಅಂದ ಮುತ್ಯಾ. "ಸಾಲ್ಯಾಗ ಅಷ್ಟು ಹತ್ತಿ ಯಾರು ಕೂಡ್ತಾರ? ಸಾಲಿ ಚಾಲೂ ಇರಲಿ."

"ಕುರಿ ಕಾಯಾಂವ ನೀ. ಜಡ್ಡಿಂದು ನಿನಗೇನು ತಿಳೀತದ?"

"ನಿಮ್ಮ ದೇವಣಿ ಎತ್ತಿಗಿ ಬ್ಯಾನಿ ಬಂದಾಗ ಯಾರ ಮನಿಗಿ ಓಡಿ ಬಂದಿದ್ರಿ? ನೆನಪು ಮಾಡ್ಕೋರಿ."

ಇಷ್ಟಾದ ಮೇಲೆ ಕೇಳಬೇಕೆ? ಅರವತ್ತು ಜನ ಒಬ್ಬರ ಮುಖದಲ್ಲಿ ಒಬ್ಬರು ಮುಖವಿಟ್ಟು ಕೂಗಾಡಿದರು. ಮಳೆ ಬಂದದ್ದರಿಂದ ಎಲ್ಲರೂ ಮಠದ ಒಳಗೆ ನುಗ್ಗಿ, ಬಾಗಿಲು ಹಾಕಿಕೊಂಡು, ಮತ್ತೆರಡು ತಾಸು ಕೂಗಾಡಿದರು. ಕಡೆಗೆ ಪಾಟೀಲರ ಮಾತೇ ಗೆದ್ದಿತು. ಅಲ್ಲಿಯತನಕ ಶಾಲೆಯಿಂದ ಒಬ್ಬ ಹುಡುಗನಿಗೂ ಜ್ವರ ಬಂದಿರಲಿಲ್ಲ. ಸಭೆಯಿಂದ ಹನ್ನೊಂದು ಜನ ಪಾಲಕರಿಗೆ ಬಂತು.

೨. ಪಾಟೀಲರ ಒಂದು ದಿವಸ

ಶಾಲೆಗೆ ಬೀಗ ಬಿತ್ತು. ಬೀಗ ಪಾಟೀಲರದು, ಕೀಲಿ ಅವರ ಉಡಿದಾರದಲ್ಲಿ. ಮಕ್ಕಳು ಹೊಲಕ್ಕೆ ಹೋದರು. ಕಳೆಯ ಜೊತೆಗೆ ಹೆಸರಿನ ಸಸಿಯೂ ಬುಟ್ಟಿಗೆ ಬಂದದ್ದರಿಂದ ಎರಡನೆಯ ದಿವಸವೇ ಅವರನ್ನು ಮನೆಗೆ ಅಟ್ಟಲಾಯಿತು. ಮನೆಯಲ್ಲಿ ತಾಯಂದಿರು ಅವರನ್ನು ಹೊರಗೆ ಅಟ್ಟಿದರು. ಹೊರಗೆ ಮಳೆ, ಒಳಗೆ ಬೈಗಳು. ನೀರಿಗೆ ಬಂದ ಹೆಂಗಸರೆಲ್ಲ ಬಾವಿಕಟ್ಟೆಯ ಮೇಲೆ ನಿಂತು ನನಗೆ ಕೇಳುವ ಹಾಗೆ, "ಈ ಮಾಸ್ತರ ಕೈಕಾಲು ಗಟ್ಟಿ ಇಟ್ಕೊಂಡು ಕೂತಾನ ನೋಡ್ರೆವ್ವಾ," ಎನ್ನತೊಡಗಿದರು.

ಐದನೆಯ ದಿವಸ ಪಾಟೀಲರ ಹೆಂಡತಿ ಗುಂಜೋಟಿಯಲ್ಲಿ ಜ್ವರದಿಂದ ಮಲಗಿದ್ದ ತಂಗಿಯನ್ನು ನೋಡಲು ಹೊರಟರು. ಹೊರಡುವಾಗ ಎರಡನೆಯ ಇಯತ್ತೆಯಲ್ಲಿ ಕಲಿಯುವ ಮೊಮ್ಮಗನನ್ನು ಗಂಡನ ಮುಂದೆ ತಂದು ನಿಲ್ಲಿಸಿ, "ಸಾಲಿ ಮುಚ್ಚಿದಾಂವ್ರು ನೀವು. ಸಂಜಿತನಕ ನೀವೇ ನೋಡ್ಕೋರಿ," ಅಂದು ಗಾಡಿ ಹತ್ತಿದರು.

ಮಧ್ಯಾಹ್ನ ಉಂಡು ಪಾಟೀಲರು ದನದ ಕೊಟ್ಟಿಗೆಯ ಕಟ್ಟೆಗೆ ಒರಗಿ ಒಂದು ನಿದ್ದೆ ತೆಗೆದರು. ಮೊಮ್ಮಗ ಅವರ ರುಮಾಲಿನ ತುದಿಯನ್ನು ಹೋರಿಗರುವಿನ ಕೊರಳಿಗೆ ಕಟ್ಟಿ, ಕರುವಿನ ಕಣ್ಣಿ ಬಿಚ್ಚಿದ. ಕರು ಬೀದಿಗೆ ಹಾರಿತು. ಹತ್ತು ಮೊಳದ ರುಮಾಲು ಬಿಚ್ಚಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಕೆಸರಿನಲ್ಲಿ ಓಡಿತು. ಹಿಂದೆ ಬರಿದಲೆಯ ಪಾಟೀಲರು, ಅವರ ಹಿಂದೆ ನಾಯಿ, ನಾಯಿಯ ಹಿಂದೆ ಊರಿನ ಮೂವತ್ತು ಮಕ್ಕಳು. ನಾನು ನೋಡಲಿಲ್ಲವೆಂದು ಇವತ್ತಿಗೂ ಹೇಳುತ್ತೇನೆ, ಆದರೆ ನೋಡಿದೆ.

ದೀಪ ಹಚ್ಚುವ ಮುಂಚೆಯೇ ಪಾಟೀಲರು ನನ್ನ ಬಾಗಿಲಿಗೆ ಬಂದು ಕೀಲಿ ಚಾಚಿದರು. "ಹಿಡೀರಿ ಮಾಸ್ತರ್ರೀ. ನಾಳಿಂದ ಸಾಲಿ ಚಾಲೂ ಮಾಡ್ರಿ. ಐತವಾರನೂ ಚಾಲೂ ಇಡ್ರಿ."

ಇನ್ನೇನು ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಮುತ್ಯಾ ಬಂದು ಅಡ್ಡ ನಿಂತ. ಅವನ ಮೊಮ್ಮಕ್ಕಳು ಆ ಐದು ದಿವಸ ಕುರಿಮರಿಗಳನ್ನು ಎಷ್ಟು ಚೆನ್ನಾಗಿ ಕಾದಿದ್ದರೆಂದರೆ ಮುದುಕನಿಗೆ ಮೊದಲ ಸಲ ಕಾಲು ಚಾಚಿ ಕೂಡುವ ಸುಖ ಸಿಕ್ಕಿತ್ತು.

"ಸಾಲಿ ಬ್ಯಾಡ್ರಿ ಮಾಸ್ತರ್. ಜೀವ ಉಳದ್ರ ಅಕ್ಷರ ಆಮ್ಯಾಲ ಕಲೀಬಹುದು."

"ಅಲ್ಲೋ ಮುತ್ಯಾ, ಮನ್ಯಾಗ ಆರು ಪೋರಗೋಳು ಒಂದೇ ಕಂಬಳಿ ಹೊತ್ತು ಮಲಗ್ತಾವಲ್ಲ!" ಎಂದು ಪಾಟೀಲರು ಕೂಗಿದರು.

ಸಭೆಯಲ್ಲಿ ಆಡಿದ ವಾದಗಳೇ, ಒಂದಕ್ಷರ ಬದಲಿಲ್ಲ. ಬಾಯಿಗಳು ಮಾತ್ರ ಅದಲುಬದಲಾಗಿದ್ದವು.

೩. ಜಾಜಿನ ಗುರುತು

ನಾನು ಮುತ್ಯಾನ ಕೈ ಹಿಡಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಾಹೇಬರು ಬಂದು ಬೀಗ ನೋಡಿದರೆ ಶಾಲೆ ಹಳ್ಳ ದಾಟುತ್ತದೆ. ಒಮ್ಮೆ ದಾಟಿದರೆ ತಿರುಗಿ ಬರುವುದಿಲ್ಲ.  ಮುದುಕನ ಮೊಮ್ಮಗಳು ಆ ಮನೆತನದಲ್ಲಿ ಹೆಸರು ಬರೆಯಲು ಕಲಿತ ಮೊದಲನೆಯವಳು.

"ಒಂದು ಮಾತಿಗಿ ಒಪ್ಪಿದ್ರ ತೆಗೀರಿ," ಅಂದ. "ದಿನಾ ಮುಂಜಾನಿ ನಾ ಬಂದು ಪೋರಗೋಳಿಗಿ ಆರಿಸ್ತೀನಿ. ಹಿಂಡಿನಾಗ ಜಡ್ಡು ಬಂದ್ರ ಹಿಂಡು ಕಟ್ಟಿ ಹಾಕ್ತೀವೇನು? ಜಡ್ಡಿನ ಕುರಿ ಬ್ಯಾರೆ ಮಾಡ್ತೀವಿ."

ಮರುದಿವಸ ಶಾಲೆಯ ಮುಂದೆ ಎರಡು ಸಾಲು ಮುಳ್ಳುಬೇಲಿ ಎದ್ದಿತು. ನಡುವೆ ಒಬ್ಬರೇ ಹಾಯುವಷ್ಟು ಸಂದು; ಮುತ್ಯಾ ಕುರಿ ಎಣಿಸುವುದೂ ಹೀಗೆಯೇ. ಮಗು ಹಾದು ಬಂದರೆ ಮೊದಲು ಕಿವಿ ಮುಟ್ಟುವುದು, ಆಮೇಲೆ ಕಣ್ಣಿನ ರೆಪ್ಪೆ ಎಳೆದು ನೋಡುವುದು, ಕಡೆಗೆ ಬೆನ್ನಿಗೆ ಕಿವಿಯಿಟ್ಟು ಕೆಮ್ಮಿಸುವುದು. ಜ್ವರವಿದ್ದರೆ ಅಂಗಿಯ ಬೆನ್ನಿನ ಮೇಲೆ ಜಾಜಿನಿಂದ, ಅಂದರೆ ಗೋಡೆಗೆ ಬಳಿಯುವ ಕೆಮ್ಮಣ್ಣಿನಿಂದ, ಎರಡು ಗೀಟು. ಬೇವಿನ ಮರದ ಕೆಳಗೆ ಒಣ ಜೋಳದ ಕಣಿಕೆ ಹೊದಿಸಿದ ಚಪ್ಪರವೇ ಜಡ್ಡಿನ ಹಟ್ಟಿ. ಅಲ್ಲಿ ಮುತ್ಯಾನ ಹೆಂಡತಿ ಶುಂಠಿ ಕಷಾಯ ಕುಡಿಸಿ, ಮೇಲೆ ಬೆಲ್ಲದ ಗಂಜಿ ಕೊಡುವಳು. ಗೀಟು ತಾನಾಗಿ ಅಳಿಯುವ ತನಕ ಹಟ್ಟಿ ಬಿಡುವ ಹಾಗಿಲ್ಲ. ನಾಲ್ಕು ದಿವಸ ಬೇಕಾಗುತ್ತಿತ್ತು.

ಪಾಠವಿಲ್ಲ, ಬೆಲ್ಲದ ಗಂಜಿ ಇದೆ ಎಂಬ ಸುದ್ದಿ ಮಕ್ಕಳಿಗೆ ತಿಳಿಯಲು ಒಂದು ದಿವಸ ಸಾಕಾಯಿತು. ಮೂರನೆಯ ಮುಂಜಾನೆ ಹತ್ತೊಂಬತ್ತು ಮಕ್ಕಳು ಬೆನ್ನ ಮೇಲೆ ಜಾಜು ಹಚ್ಚಿಕೊಂಡೇ ಬಂದರು. ಮುತ್ಯಾ ಒಂದೊಂದೇ ಬೆನ್ನು ತಿರುಗಿಸಿ ನೋಡಿ, "ಇದು ನನ್ನ ಕೈಯಿಂದಲ್ಲ. ನನ್ನ ಗೀಟು ಓರಿ ಇರತಾವ. ನಡೀರಿ ಒಳಗ!" ಎಂದು ಹದಿನೆಂಟು ಜನರನ್ನು ನನ್ನ ಕಡೆಗೆ ಅಟ್ಟಿದ. ಹತ್ತೊಂಬತ್ತನೆಯವನಿಗೆ ನಿಜವಾಗಿ ಜ್ವರವಿತ್ತು. ಆ ವಾರ ಊರಿನ ಮನೆಗಳೆಲ್ಲ, ಮಕ್ಕಳ ಕೈಗೆ ಎಟಕುವಷ್ಟು ಎತ್ತರದ ತನಕ, ಬಣ್ಣವಿಲ್ಲದೆ ಬೋಳಾಗಿ ನಿಂತಿದ್ದವು.

೪. ಮಗನ ಬದಲಿಗೆ ಅಪ್ಪ

ಇಷ್ಟಾದರೂ ಒಬ್ಬ ತಾಯಿಗೆ ಧೈರ್ಯ ಬರಲಿಲ್ಲ. ಮಗನನ್ನು ಕಳಿಸುವುದಿಲ್ಲವೆಂದು ಆಕೆ, ಕಳಿಸಲೇಬೇಕೆಂದು ಗಂಡ. ಎರಡು ದಿವಸ ಒಲೆ ಹೊತ್ತಲಿಲ್ಲ. ಕಡೆಗೆ ರಾಜಿಯಾಯಿತು: ಮಗ ಮನೆಯಲ್ಲಿರುವುದು, ಅಪ್ಪ ಬಂದು ಪಾಠ ಕೇಳಿಕೊಂಡು ಹೋಗಿ ಮಗನಿಗೆ ಹೇಳಿಕೊಡುವುದು.

ಮೀಸೆಯ ಆ ಅಪ್ಪ ಬೇಲಿಯ ಸಂದಿನಲ್ಲಿ ಅಡ್ಡಡ್ಡ ಹಾಯ್ದು, ಮುತ್ಯಾನಿಗೆ ಕಿವಿ ಕೊಟ್ಟು, ಎರಡನೆಯ ಇಯತ್ತೆಯ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ. ಏಳರ ಮಗ್ಗಿ ನಡೆದಿತ್ತು. ಮೂರು ದಿವಸ ಕೇಳಿದ. ನಾಲ್ಕನೆಯ ದಿವಸ ಮಗನೇ ಬಂದ.

"ಅವ್ವ ಕಳಿಸಿದಳೇನೋ?" ಅಂದೆ.

"ಹೌದ್ರೀ. ಅಪ್ಪ ಏಳೈದ್ಲಿ ತನಕ ಬಂದು ನಿಂತಾನ್ರೀ. ಅವ್ವ ಅಂದಳು, ಜ್ವರ ಬಂದ್ರ ನಾಕು ದಿನದಾಗ ಇಳೀತದ, ನಿಮ್ಮಪ್ಪನ ತಲಿಗಿ ಮಗ್ಗಿ ಇಳಿಯೂದಲ್ಲ."

೫. ಸಾಹೇಬರ ಕಿವಿ

ಒಂದು ಗುರುವಾರ ನಾನು ಒಳಗೆ ಇಪ್ಪತ್ತಾರು ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಐದು ಮಕ್ಕಳು ಹಟ್ಟಿಯಲ್ಲಿದ್ದರು. ಹೊರಗೆ ಯಾರೋ ಮರಾಠಿಯಲ್ಲಿ ಗುಡುಗಿದ ಹಾಗಾಯಿತು: "ಮೀ ಕೋಣ್ ಆಹೆ, ಮಾಹೀತ ಆಹೆ ಕಾ?" ನಾನು ಯಾರು ಗೊತ್ತೇನು ಎಂದು. ಆ ದನಿ ನನಗೆ ಗೊತ್ತಿತ್ತು. 

ಓಡಿ ಬಂದು ನೋಡಿದರೆ, ತುರೋರಿಯಿಂದ ಸೈಕಲ್ ತಳ್ಳಿಕೊಂಡು ಮಳೆಯಲ್ಲಿ ತೊಯ್ದು ಬಂದ ಸಾಹೇಬರು ಬೇಲಿಯ ಸಂದಿನಲ್ಲಿ ಸಿಕ್ಕಿ ನಿಂತಿದ್ದಾರೆ. ಮುತ್ಯಾ ಒಂದು ಕೈಯಲ್ಲಿ ಅವರ ಕಿವಿ ಹಿಡಿದಿದ್ದಾನೆ, ಇನ್ನೊಂದು ಕೈಯಿಂದ ತುಟಿ ಎತ್ತಿ ಹಲ್ಲು ನೋಡುತ್ತಿದ್ದಾನೆ.

"ಮುತ್ಯಾ, ಬಿಡು! ಅವರು ಸಾಹೇಬರು!"

"ಯಾರರೆ ಇರಲಿ ಮಾಸ್ತರ್ರೀ, ಮೂಗು ಸೋರಲಾಕತ್ತದ, ಕಿವಿ ಸುಡಲಾಕತ್ತದ. ಹಲ್ಲು ಛಲೋ ಅವ, ಇನ್ನೂ ಭಾಳ ವರ್ಷ ಮೇಯ್ತಾರ," ಎನ್ನುತ್ತ ಮುದುಕ ಸಾಹೇಬರ ಬಿಳೀ ಕೋಟಿನ ಬೆನ್ನ ಮೇಲೆ ಓರೆಯಾಗಿ ಎರಡು ಗೀಟು ಎಳೆದೇಬಿಟ್ಟ.

ಶಾಲೆ ಹೋಯಿತು, ಊರು ಹೋಯಿತು, ಬಿಸಿ ರೊಟ್ಟಿ ಹೋಯಿತು ಎಂದುಕೊಂಡೆ. ಸಾಹೇಬರು ಬೈಯಲು ಬಾಯಿ ತೆರೆದರು, ಸೀನು ಬಂತು. ಮತ್ತೆ ತೆರೆದರು, ಮತ್ತೆ ಸೀನು. ಏಳನೆಯ ಸೀನಿಗೆ ಕಾಲು ನಡುಗಿ ಅಲ್ಲೇ ಕುಳಿತರು. ಮುದುಕ ತಪ್ಪಿರಲಿಲ್ಲ, ಮೈ ಕಾದ ಹೆಂಚಾಗಿತ್ತು.

ಸುದ್ದಿ ಕೇಳಿ ಓಡಿ ಬಂದ ಪಾಟೀಲರು ತಮ್ಮ ಮನೆಗೆ ಕರೆದೊಯ್ಯುತ್ತೇನೆಂದರು. "ನಿಮ್ಮ ಮನ್ಯಾಗ ಹನ್ನೆರಡು ಮಂದಿ ಇದ್ದೀರಿ. ಹಟ್ಟಿ ದಾಟೂಹಂಗಿಲ್ಲ," ಅಂದ ಮುತ್ಯಾ. ಪಾಟೀಲರು ತಕರಾರು ಮಾಡದೆ ಮನೆಯಿಂದ ತಾವು ಮಲಗುವ ಹೊರಸನ್ನೇ ಹೊತ್ತು ತರಿಸಿ ಚಪ್ಪರದಲ್ಲಿ ಹಾಕಿಸಿದರು. ಸಾಹೇಬರು ಐದು ಮಕ್ಕಳ ಜೊತೆ ಸಾಲಿನಲ್ಲಿ ಕುಳಿತು ಕಷಾಯ ಕುಡಿದರು. ಕಹಿ ಎಂದು ಮುಖ ತಿರುಗಿಸಿದ್ದಕ್ಕೆ ಮುತ್ಯಾನ ಹೆಂಡತಿ, "ಸಣ್ಣ ಪೋರಗೋಳು ಕುಡದಾವ, ನಿಮಗೇನಾಗ್ಯಾದ ಸಾಹೇಬ್ರ?" ಅಂದಳು. ಕುಡಿದರು.

ಎರಡನೆಯ ದಿವಸ ಹಳ್ಳದ ಆಚೆಯ ಊರಿನ ಪಾಟೀಲರು ನಾಲ್ಕು ಜನರೊಂದಿಗೆ ಹಾರ ಹಿಡಿದು ಬಂದರು, ಸಾಹೇಬರನ್ನು ತಮ್ಮ ಹೊಸ ಕೋಣೆ ತೋರಿಸಲು ಕರೆದೊಯ್ಯಬೇಕೆಂದು. ಹಳ್ಳ ದಾಟಿ ನಡುಮಟ ತೊಯ್ದಿದ್ದರು. ಬೇಲಿಯ ಸಂದಿನಲ್ಲಿ ಮುತ್ಯಾ ಐವರ ಕಿವಿಯನ್ನೂ ಮುಟ್ಟಿದ. ನಾಲ್ವರನ್ನು ತಿರುಗಿ ಕಳಿಸಿದ, ಅವರ ಪಾಟೀಲರ ಬೆನ್ನಿಗೆ ಎರಡು ಗೀಟು ಎಳೆದ. ಅವರ ಚಾಪೆ ಸಾಹೇಬರ ಹೊರಸಿನ ಪಕ್ಕದಲ್ಲೇ ಬಿತ್ತು. ನನಗೆ ಇನ್ನೂ ಭಯವಾಯಿತು. ಶಾಲೆ ಕೇಳಲು ಬಂದವನಿಗೆ ಕೊಡುವವರ ಪಕ್ಕದಲ್ಲೇ ಹಾಸಿಗೆ ಸಿಕ್ಕರೆ ನಾನು ಮಾಡುವುದೇನು?

ಕೇಳಿದರು ಕೂಡ. ಮಲಗಿಕೊಂಡೇ, ಗಂಜಿ ಉಣ್ಣುತ್ತಲೇ, ಎರಡು ದಿವಸ ಕೇಳಿದರು. ಅವರ ಊರಿನಲ್ಲಿ ಮನೆಮನೆಗೆ ಜ್ವರ, ನೀರು ಕೊಡುವವರಿಲ್ಲದೆ ಜನ ಮಲಗಿದ್ದಾರೆ ಎಂಬುದೂ ಆ ಮಾತಿನಲ್ಲೇ ಹೊರಬಿತ್ತು.

ಸಾಹೇಬರಿಗೆ ಜ್ವರ ಇಳಿದು ತಲೆ ತಿಳಿಯಾಗಿತ್ತು. ಎದ್ದು ಕುಳಿತು ಕೇಳಿದರು: "ಪಾಟೀಲ, ನಿಮ್ಮೂರಿಗೆ ಶಾಲೆ ಕೊಟ್ಟೆ ಅಂತ ತಿಳಿ. ಅಲ್ಲಿ ಈ ಬೇಲಿ ಯಾರು ಕಾಯುತ್ತಾರೆ? ಈ ಕಷಾಯ ಯಾರು ಮಾಡುತ್ತಾರೆ?"

ಹಳ್ಳದ ಆಚೆಯ ಪಾಟೀಲರು ಗಂಜಿಯ ಬಟ್ಟಲು ಕೆಳಗಿಟ್ಟರು. 

"ಸಾಹೇಬ್ರ, ಸಾಲಿ ಇಲ್ಲೇ ಇರಲಿ," ಅಂದರು. "ನಮಗ ಈ ಮುತ್ಯಾನ್ನ ಕೊಡ್ರಿ."

ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಮುತ್ಯಾ ಬಗ್ಗಿ ಅವರ ಕಿವಿ ಮುಟ್ಟಿ ನೋಡಿ, ಸಾಹೇಬರ ಕಡೆ ತಿರುಗಿ ನಿಷ್ಠೆಯಿಂದ ಹೇಳಿದ: "ಇವರ ಮಾತು ಈಗ ಹಿಡೀಬ್ಯಾಡ್ರಿ ಸಾಹೇಬ್ರ. ಕಿವಿ ಇನ್ನೂ ಬಿಸಿ ಅದ, ಜ್ವರದಾಗ ಅನ್ಲಾಕತ್ಯಾರ. ನಾಳಿ ಮುಂಜಾನಿ ಕೇಳ್ರಿ."

ನಾಳೆ ಮುಂಜಾನೆಯ ತನಕ ಕಾಯಲು ನನಗೇನು ಹುಚ್ಚೇ? ಒಳಗೆ ಓಡಿಹೋಗಿ ತಪಾಸಣೆಯ ಷರಾ ಪುಸ್ತಕ, ಬರೆಯುವ ಟಾಕು, ಮಸಿಯ ದೌತಿ ಮೂರನ್ನೂ ತಂದು ಸಾಹೇಬರ ತೊಡೆಯ ಮೇಲಿಟ್ಟು, ಅವರು 'ಶಾಲೆ ಇಲ್ಲಿಯೇ ಇರತಕ್ಕದ್ದು' ಎಂದು ಬರೆದು ಸಹಿ ಮಾಡುವವರೆಗೂ ಆ ಮುದುಕನ ಬಾಯಿಯನ್ನು ನನ್ನ ಎರಡೂ ಕೈಯಿಂದ ಮುಚ್ಚಿ ಹಿಡಿದಿದ್ದೆ.