ಸ್ಕೂಟರಿಗೆ ಹೊದಿಸಿದ ತಗಡು

ನಿಯಮ ಓದಿ ಹೇಳುವವನಿಗೆ ಅದು ತನಗೂ ಸೇರಿದ್ದು ಎಂಬುದು ಎಲ್ಲರಿಗಿಂತ ತಡವಾಗಿ ಹೊಳೆಯುತ್ತದೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಆದರೂ ಇಳಕಲ್ಲಿನಲ್ಲಿ ನಮ್ಮ ಹೊಸ ಸಾಲುಮನೆಗಳು ಏಳುವಾಗ, ಗೋಡೆ ಕಟ್ಟುವ ಗೌಂಡಿ ಕೆಲಸದವನೆಂದು, ಪರಿಸರದ ನಿಯಮಗಳ ಹಾಳೆಯನ್ನು ಓದಿ ಹೇಳುವ ಕೆಲಸ ನನಗೇ ಬಿತ್ತು. ಮಾಳಿಗೆಯ ಮಳೆನೀರು ತೊಟ್ಟಿಗೆ ಇಳಿಯಬೇಕು. ಹಗಲು ದೀಪ ಉರಿಸಬಾರದು. ಎರಡು ಮನೆಗಳ ನಡುವೆ ಗಾಳಿ ಬೆಳಕಿಗಾಗಿ ನಾಲ್ಕು ಅಡಿಯ ಸಂದಿಯನ್ನು ಆಕಾಶಕ್ಕೆ ತೆರೆದು ಬಿಡಬೇಕು. ತಡವರಿಸಿ ಓದಿದ್ದರಿಂದಲೋ ಏನೋ, ಎಲ್ಲರಿಗೂ ಮಂತ್ರದಂತೆ ಕೇಳಿಸಿತು. ಯಾರಾದರೂ ಕಿಟಕಿ ಸಣ್ಣದು ಮಾಡಿಸಿದರೆ ನಾನೇ ಜಗಳಕ್ಕೆ ನಿಲ್ಲುತ್ತಿದ್ದೆ.

ಪಕ್ಕದ ಮನೆ ನಮ್ಮ ಅಕ್ಕನದು. ಗಂಡ ತೀರಿದ ಮೇಲೆ ಸೀರೆ ನೇಯ್ದು ಬದುಕಿದವಳು. ಸಂದಿಯ ಕಡೆ ಕಿಟಕಿ ಇಡಿಸಿ, ಅದರ ಬೆಳಕಿಗೆ ನೆಲದಲ್ಲಿ ಕುಣಿ ತೋಡಿಸಿ ಕುಣಿಮಗ್ಗ ಹೂಡಿದ್ದಳು. ಮದುವೆಯಾಗದ ನನಗೆ ಎರಡೂ ಹೊತ್ತು ಅವಳ ಮನೆಯ ರೊಟ್ಟಿ. ಇಷ್ಟು ಸುಖ ಸಾಲದೆಂದು ಹಳೆಯ ಸ್ಕೂಟರೊಂದನ್ನು ಕೊಂಡೆ. ನಮ್ಮ ಬೇಸಿಗೆಯಲ್ಲಿ ಅದರ ಸೀಟಿನ ಮೇಲೆ ಒಮ್ಮೆ ಕೂತವನಿಗೆ ಯಾವ ನಿಯಮವೂ ನೆನಪಿರುವುದಿಲ್ಲ. ಸ್ಕೂಟರನ್ನು ಸಂದಿಯಲ್ಲಿ ನಿಲ್ಲಿಸಿ ಮೇಲೆ ಗೋಡೆಯಿಂದ ಗೋಡೆಗೆ ತಗಡು ಹೊದಿಸಿದೆ.

ಮರುದಿನವೇ ಅಕ್ಕ ಬಂದಳು. “ಎಳಿ ಕಾಣವಲ್ದೋ ತಮ್ಮಾ.”

“ಬಲ್ಬ್ ಹಚ್ಕೋ ಅಕ್ಕಾ.”

“ಹಗಲಿ ಹಚ್ಚಬಾರ್ದಂತ ಮಂದಿಗೆಲ್ಲಾ ಓದಿ ಹೇಳಿದಾಂವ ಯಾರು? ನೆರಳಾಗ ಕುಂತು ನಿನ್ನ ಗಾಡಿ ಏನ್ ಸೀರಿ ನೇಯ್ತೈತೇನು?”

ಅವಳೂ ನಕ್ಕಳು, ನಾನೂ ನಕ್ಕೆ. “ನಾಳಿ ತಗೀತೇನಿ” ಎಂದೆ. ಆ ನಾಳೆ ಒಂದು ಬೇಸಿಗೆ ದಾಟಿ ಮಳೆಗಾಲಕ್ಕೆ ಬಂತು. ಮಳೆಯಲ್ಲಿ ಸೀಟು ತೋಯುತ್ತದಲ್ಲ! ಅಷ್ಟರಲ್ಲಿ ಅಕ್ಕ ಸೀರೆಯ ದಡಿಯಲ್ಲಿ ಎಳೆ ತಪ್ಪಿದಳು. ನೂಲು ಕೊಟ್ಟು ನೇಯಿಸುವ ಸಾವಕಾರರು ಸೀರೆಯನ್ನು ತಿರುಗಿ ಕೊಟ್ಟರು. ಮುಂದಿನದೂ ತಿರುಗಿ ಬಂತು. ಅಂಥ ಕೈ ಅದು, ಹಿಂದೆಂದೂ ತಪ್ಪಿರಲಿಲ್ಲ. ಅವಳು ಬೈಯಲಿಲ್ಲ. ಮಗ್ಗ ಬಿಚ್ಚಿಸಿ, ಕಮತಗಿಯ ಸೋದರತ್ತೆಯ ಮಗಳ ಮನೆಗೆ ಹೊರಟಳು. “ಅಲ್ಲೆ ಬೆಳಕ ಭಾಳ ಐತಂತ” ಎಂದಳಷ್ಟೇ. ಮಗ್ಗದ ಮರಗಳನ್ನು ಟೆಂಪೋಗೆ ಏರಿಸಿದವನು ನಾನೇ.

ಅಂದೇ ತಗಡು ಕಿತ್ತೆ. ಬಿಸಿಲು ನೆಟ್ಟಗೆ ಹೋಗಿ ಮಗ್ಗದ ಖಾಲಿ ಕುಣಿಯಲ್ಲಿ ಕೂತಿತು. ಫೋನು ಮಾಡಿ ಬಾ ಎಂದರೆ, “ಹಾಸು ಹೂಡೀನೋ, ಮುಗೀಲಿ” ಎನ್ನುತ್ತಾಳೆ. ಒಂದು ಸೀರೆಯ ಹಾಸು ಮುಗಿಯುವುದರೊಳಗೆ ಇನ್ನೊಂದರದು ಹೂಡುತ್ತಾಳೆ. ಈಗ ರೊಟ್ಟಿ ನಾನೇ ಬಡಿಯುತ್ತೇನೆ. ನಾನು ಕಟ್ಟಿದ ಗೋಡೆಗಳಷ್ಟೇ ಗಟ್ಟಿ.

ಮೊನ್ನೆ ಸಾಲುಮನೆಗಳ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಸಂದಿಯಲ್ಲಿ ನಿಂತು ಅಕ್ಕನ ಮನೆಯ ಮೀಟರು ನೋಡಿದರು, ತುಂಬಿದ ತೊಟ್ಟಿ ನೋಡಿದರು. “ಕರೆಂಟ್ ಇಲ್ಲ, ನೀರ ಖರ್ಚಿಲ್ಲ. ಮಾದರಿ ಮನಿ ನೋಡ್ರಿ ಇದು! ಯಾರಿರ್ತಾರ್ರಿ?”

“ನಮ್ಮಕ್ಕರೀ.”

“ಕರೀರಿ ಅವರ್ನ, ಶಹಬ್ಬಾಸ್ ಅಂತೇನಿ.”

ರೂಢಿಯ ಬಲದಲ್ಲಿ ಕಿಟಕಿಯತ್ತ ತಿರುಗಿ “ಅಕ್ಕಾ” ಎಂದು ಕೂಗಿಯೇಬಿಟ್ಟೆ. ಅಧಿಕಾರಿ ಕಾದರು. ಅವರಿಗಾದರೆ ಗೊತ್ತಿರಲಿಲ್ಲ, ಗೊತ್ತಿದ್ದ ನಾನೂ ಅವರ ಪಕ್ಕದಲ್ಲಿ ಕಾಯುತ್ತ ನಿಂತೆ.